ಎರಡು, ಇನ್ನೊಂದು

ಒಸ್ತ್ರಾವಾದಲ್ಲಿ ಟ್ರಾಮು ತಿರುಗುವ ಮೂಲೆಗೊಂದು
ದಿನಸಿ ಅಂಗಡಿ. ಗಲ್ಲಾದಲ್ಲಿ ಕೂತವಳನ್ನು
ಬೀದಿ ನಾದ್ಯಾ ಎನ್ನುತ್ತದೆ, ಸುಲಭಕ್ಕೆ.

ಆ ಭಾಷೆಯಲ್ಲಿ ಮೂರಕ್ಕೆ ತ್ಱಿ.
ಹೇಗೆ ಬರೆಯಲಿ ಅದನ್ನು?
ರ ಅನ್ನುತ್ತಲೇ ನಾಲಿಗೆ ಝ ಮೇಲೆ ಜಾರಬೇಕು,
ಹಸಿ ಸೌದೆಗೆ ಬೆಂಕಿ ಹತ್ತಿದ ಹಾಗೆ.
ನಮ್ಮ ಹಳೆಗನ್ನಡದ ಱ ಹೇಗೂ ಖಾಲಿ ಕೂತಿದೆ,
ಇಟ್ಟುಕೊಳ್ಳಲಿ.

ಹನೋಯ್ ಬಿಟ್ಟು ಹದಿನೆಂಟು ವರ್ಷ,
ಅವಳಿಗಿನ್ನೂ ಅದು ಒಲಿದಿಲ್ಲ.
ಮೂರು ಬನ್ನು ಕೇಳಿದರೆ ಎಣಿಸುತ್ತಾಳೆ:
ಎರಡು, ಇನ್ನೊಂದು.
ನಾಲ್ಕರಲ್ಲೂ ಅದೇ ಅಕ್ಷರ, ಹಾಳಾದ್ದು:
ಎರಡು, ಇನ್ನೆರಡು.
ಐದು ಕೇಳುವವರು ಪುಣ್ಯವಂತರು.

ಶಾಲೆ ಬಿಟ್ಟಮೇಲೆ ಬರುತ್ತಾನೆ ಬೊಱೆಕ್,
ಆರು ವರ್ಷ, ಮುಂದಿನ ಹಲ್ಲಿಲ್ಲ,
ತನ್ನ ಹೆಸರನ್ನೇ ಬೊಲೆಕ್ ಅನ್ನುತ್ತಾನೆ.
ಉಚ್ಚಾರ ತಿದ್ದುವ ಟೀಚರು ವಾರಕ್ಕೊಮ್ಮೆ
ಕನ್ನಡಿ ಹಿಡಿಸುತ್ತಾರಂತೆ.
ಅಲ್ಲಿ ಕಲಿತದ್ದನ್ನು ಇಲ್ಲಿ ಕಲಿಸುತ್ತಾನೆ.
ಐಸ್‌ಕ್ರೀಮು ಪೆಟ್ಟಿಗೆಯ ಗಾಜಿಗೆ ಇಬ್ಬರೂ ಬಾಗಿ
ತ್ರಿ, ತ್ಜಿ, ತ್ಲಿ...
ಗಾಜೆಲ್ಲ ಉಗುಳು. ಒರೆಸುವುದು ಅವನ ಪಾಲು.

ಮಾರ್ಚಿನಲ್ಲಿ ಹಲ್ಲು ಬಂತು. ಓಡಿಬಂದ.
ತ್ಱಿ! ತ್ಱಿ! ತ್ಱಿ!
ಸಾಲಿನಲ್ಲಿ ನಿಂತವರೆಲ್ಲ ತಿರುಗಿದರು.
ಅವಳು ಚಪ್ಪಾಳೆ ತಟ್ಟಿದಳು. ಆಮೇಲೆ ಯಾಕೋ
ಚಿಲ್ಲರೆಯ ಲೆಕ್ಕ ತಪ್ಪಿತು.

ಈಗ ನಿನ್ನ ಹೆಸರು, ಅಂದ. ನಿಜವಾದ್ದು.
ಙ್ವಿಯೆತ್, ಅಂದಳು.
(ಕ ಖ ಗ ಘ ಆದಮೇಲೆ ಕೂಗಿ, ಕೂಗಿ
ಮತ್ತೆಲ್ಲೂ ಬಳಸದೆ ಬಿಟ್ಟೆವಲ್ಲ,
ಆ ಙ ಇಲ್ಲಿ ಸಂಸಾರ ಹೂಡಿದೆ.)

ನುವೆ, ಅಂದ. ಗುವೇತ್, ಅಂದ.
ಹಾಗಲ್ಲ, ಮೂಗಿನಿಂದ.
ಅವನ ಮೂಗು ಮುಟ್ಟಿ ತೋರಿಸಿದಳು.

ಸಾಲು ಬಾಗಿಲಾಚೆ ಬೆಳೆಯಿತು.
ಯಾರೋ ಕೆಮ್ಮಿದರು.
ಇಬ್ಬರೂ ಗಾಜಿನತ್ತ ನಡೆದರು.