ಸಂಬಳದ ಸೀಸ

ಅಂಬಾಸಾ ಲದ್ವಾನ ಪ್ರೆಸ್ಸು ಮುಚ್ಚಿದಾಗ
ಏಳು ತಿಂಗಳ ಸಂಬಳ ಬಾಕಿ.
ರೊಕ್ಕಿಲ್ಲೋ ಹೊಳೆಬಸು, ಸೀಸ ಒಯ್ಯಿ, ಅಂದ.
ಒಯ್ದೆ. ಹದಿನೆಂಟು ಪಾಯಿಂಟಿನ ಎರಡು ಕೇಸು, ಹನ್ನೆರಡರ ನಾಲ್ಕು.
ಬೆಟಗೇರಿಯ ಇಳಿಜಾರಿನಾಗ
ಕೈಗಾಡಿ ಹಿಡಿಯಾಕ ಇಬ್ಬರು ಬೇಕಾದರು.

ಈಗ ಮೇ ತಿಂಗಳು.
ರಾತ್ರಿ ಹತ್ತಾದರೂ ಓಣಿಯ ಕಲ್ಲು ಆರಿಲ್ಲ.
ಹಿತ್ತಲದಾಗ ಶೆಗಡಿ ಹಚ್ಚಿ
ಭಜಿ ಕರಿದ ಹಳೇ ಬಾಣಲಿಯೊಳಗ ಅಕ್ಷರ ಸುರೀತೀನಿ.
ಮೊದಲು ಸವದದ್ದು:
ಲಗ್ನಪತ್ರಿಕೆಯೊಳಗ ಮುಖ ಕಳಕೊಂಡ ಶ್ರೀ,
ಹರಾಜು ನೋಟೀಸಿನ ರೂ,
ಹತ್ತಿ ಅಡತಿಯವರ ಬಿಲ್ಲಿಗೆ ದುಡಿದು
ಅರ್ಧಚಂದ್ರ ಆದ ಸೊನ್ನಿಗಳು.
ಙ, ಞ ಮಾತ್ರ ಡಬ್ಬಿಯೊಳಗ ಬದಿಗಿಟ್ಟೀನಿ.
ನಲವತ್ತು ವರ್ಷ ಕೇಸಿನ ಮೂಲ್ಯಾಗ ಕುಂತು
ಇನ್ನೂ ಚೂಪು ಅದಾವ.
ನೋಡಿದ್ರ ಕನಿಕರ ಬರತೈತಿ. ಸಿಟ್ಟೂ.

ಮೇಣದಬತ್ತಿ ತುಂಡು ಒಗದ್ರ ಕಿಟ್ಟ ಮ್ಯಾಲ ತೇಲತೈತಿ,
ಚಮಚದಿಂದ ಬಳಿದು ಚೆಲ್ಲಬೇಕು.
ಬಳಪದ ಕಲ್ಲಿನಾಗ ಕೊರದ ಅಚ್ಚು;
ಒಳಗ ಒಂದು ಹನಿ ನೀರಿದ್ರೂ ಸೀಸ ಸಿಡೀತೈತಿ.
ಹೋದ ವರ್ಷ ನನ್ನ ಎಡ ಹುಬ್ಬು ಕಲಿತ ಪಾಠ.
ಮೋಟರಿನ ತಾಮ್ರದ ತಂತಿ ನಾಕು ಕಾಲಾಗಿ ಚುಚ್ಚಿದ್ರ
ಗುಂಡು ಉಸುಕು ಕಚ್ಚಿ ನಿಂದರತೈತಿ.

ಗಂಗವ್ವ ಬಾಗಿಲದಾಗ ನಿಂತು ಅಂತಾಳ:
ಸಮುದ್ರ ಒಂದು ರಾತ್ರಿ ದೂರ,
ಹೊಗಿ ಮಾತ್ರ ನನ್ನ ಮೂಗಿನಾಗ.

ಅಳಿವೆಯ ದಂಡೆಯಿಂದ ಠಾಕು ಹರಿಕಂತ್ರನ ಫೋನು:
ನೀರು ಕಾದಿದೆ ಮಾರಾಯ.
ಹೊತ್ತು ಏರಿದರೆ ಮೀನು ಬಂಡೆ ನೆರಳಿಗೆ ಇಳೀತದೆ,
ಬೆಳಗಿನ ನಾಲ್ಕರಿಂದ ಏಳು, ಅಷ್ಟೇ ಸೈ.
ಮಧ್ಯಾಹ್ನ ಪಡುಗಾಳಿ ಎದ್ದರೆ ಗಾಳ ಸುತ್ತಿಡು.
ಅಮಾಸೆಗೆ ಇನ್ನೆರಡು ದಿನ.
ಇಳಿತಕ್ಕೆ ಸಿಗಡಿ ಹೊಳೆಬಾಯಿಂದ ಹೊರಗೆ ಜಾರ್ತದೆ,
ಕೆಂಬೇರಿ ಅಲ್ಲೇ ಕಾಯ್ತಾ ಇರ್ತದೆ
ಬಾಡಿಗೆ ವಸೂಲಿಗೆ ಬಂದವನ ಹಾಗೆ.

ಎಷ್ಟು ತೂಕದ್ದು ತರಲಿ?

ಎಳೆತ ಇದ್ದರೆ ನೂರು ಗ್ರಾಮು, ನಿಂತ ನೀರಿಗೆ ಇಪ್ಪತ್ತು ಸಾಕು.
ಜೀವಂತ ಸಿಗಡಿ, ಅದಕ್ಕೆ ಕಾಲಾಡಿಸಲಿಕ್ಕೆ ಬಿಡಬೇಕೋ ಬೇಡವೋ?

ನನ್ನ ಲೆಕ್ಕ ಬ್ಯಾರೆ.
ಒಂದು ಲಗ್ನಪತ್ರಿಕೆ ಕರಗಿದ್ರ ಅಳಿವೆಗೆ ಐದು ಗುಂಡು.
ಒಂದು ಶ್ರದ್ಧಾಂಜಲಿಗೆ
ಒಂದೂವರಿ.

ಹುಬ್ಬಳ್ಳಿಯಾಗ ಬಸ್ಸು ಬದಲಿ, ಅರಬೈಲ ಘಟ್ಟದಾಗ ಒಂದು ನಿದ್ದಿ,
ಕಣ್ಣು ಬಿಟ್ಟಾಗ ಅಂಗಿಗೆ ಉಪ್ಪಿನ ಜಿಗಿ.
ಕತ್ತಲದಾಗ ತೆರಿ ಸಾಲು ಸಾಲಾಗಿ ಬರತಾವ.
ಎಲ್ಲಿ ಒಡೀತಾವ ಅಂತ ನೋಡಬಾರದು,
ಎಲ್ಲಿ ಒಡ್ಯೂದಿಲ್ಲ ಅಂತ ನೋಡಬೇಕು.
ಎರಡು ಬಿಳಿ ಸಾಲಿನ ನಡುವ ಒಂದು ಕರೀ ಸಂದಿ,
ನಾವು ಲೆಡ್ಡು ಹಾಕಿ ಬಿಡತಿದ್ದೆವಲ್ಲ, ಹಂಗ.
ಓದವರು ಯಾರೂ ನೋಡದ ಜಾಗ ಅದು.
ಗಾಳ ಅಲ್ಲೇ ಬೀಳಬೇಕು.

ಒಗದೆ. ಆರರ ತನಕ ಎರಡು ಸಣ್ಣ ಕಾಣೆ, ಒಂದು ಲೋಳಿಮೀನು;
ಅದರ ಅಂಟಿಗೆ ದಾರ ಒರಸಿ ಒರಸಿ ಬೆರಳು ಉರಿ.
ಗುಂಡು ಬಿಚ್ಚಿ ಹಸಿ ಉಸುಕಿನ ಮ್ಯಾಲ ಇಟ್ಟೆ,
ಎತ್ತಿದಾಗ
ಕೆಳಗ ಒಂದು ಗುರುತು.

ಠಾಕು ಬ್ಯಾಟರಿ ಹಿಡಿದು ಬಗ್ಗಿದ:
ಏನಿದು, ಏಡಿ ನಡೆದದ್ದೋ?

ಅರ್ಧ ಕರಗಿ ಉಳಿದ ಙ.
ಬೆಂಕಿ ಆರೂ ಹೊತ್ತಿಗೆ ಗಂಗವ್ವ ಡಬ್ಬಿ ಬೋರಲು ಹಾಕ್ಯಾಳ,
ಒಂದು ಮಾತೂ ಹೇಳಿಲ್ಲ.

ಅಕ್ಷರ, ಅಂದೆ.
ಹೇಗೆ ಹೇಳೂದು ಅದನ್ನ?

ನಲವತ್ತು ವರ್ಷ ಮೊಳೆ ಜೋಡಿಸಿದೆ, ತಲೆಕೆಳಗಾಗಿ ಓದಿದೆ,
ಬಾಯಿಬಿಟ್ಟು ಹೇಳೂ ಪ್ರಸಂಗ ಬಂದಿರಲಿಲ್ಲ.
ಗಂಟಲು ಸಡಿಲ ಮಾಡಿ
ಮೂಗಿನಿಂದ ಏನೋ ಒಂದು ಹೊರಡಿಸಿದೆ.
ತೆರಿ ಬಂತು, ಉಸುಕು ಒರಸಿತು.

ಸರಿ ಸರಿ, ಅಂದ ಠಾಕು,
ಸಿಗಡಿ ಬದಲಿಸು. ಅದು ಸತ್ತು ಹೊತ್ತಾಯ್ತು.