ಒಳಜೇಬು

ಕೆಳಗೆ ಎಂಬ್ರಾಯ್ಡರಿ ಮಷೀನು, ಮೇಲೆ ನನ್ನ ಕಟಿಂಗ್ ಟೇಬಲ್ಲು,
ನಡುವೆ ಇಪ್ಪತ್ತೆರಡು ಮೆಟ್ಟಿಲು.
ಇಷ್ಟು ದಿನ ಡಿಸೈನುಗಳು ಒಂದು ಪೆನ್‌ಡ್ರೈವಿನೊಳಗೆ ಕೂತು
ಯಾರು ಹತ್ತಿದರೆ ಅವರ ಜೇಬಿನಲ್ಲಿ ಹತ್ತಿ
ಯಾರು ಇಳಿದರೆ ಅವರ ಜೊತೆ ಇಳಿಯುತ್ತಿದ್ದವು.
ಮೊನ್ನೆ ಅದು ವಾಷಿಂಗಿಗೆ ಹೋದ ಪ್ಯಾಂಟಿನಲ್ಲೇ ಉಳಿದು
ನೀಲಿ ನೀರು ಕುಡಿದು ಸತ್ತಿತು.
ನಲವತ್ತು ಡಜನ್ನಿನ ಹಿಂಜೇಬಿನ ಗುಲಾಬಿಯೂ ಅದರ ಜೊತೆಗೇ.

ತಂತಿ ಎಳೆಯೋಣ ಅಂದೆ.

ಕೌಲ್ ಬಜಾರಿನ ಹಳೇ ಗೋಡೆ, ಕಲ್ಲು.
ಡ್ರಿಲ್ಲಿನ ಎರಡು ಮೂತಿ ಮುರಿದವು.
ಕೊನೆಗೆ ಕಿಟಕಿಯಿಂದ ಹೊರಬಿಟ್ಟು
ಬಟ್ಟೆ ಒಣಹಾಕುವ ಹಗ್ಗದ ಗುಂಟ ಇಳಿಸಿದೆ.
ತುದಿಯ ಎಂಟು ಎಳೆ ಬಿಡಿಸಿ ಸಾಲಾಗಿ ಕೂರಿಸುವುದು ನನಗೇನು ಹೊಸತೆ?
ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ—
ದಾರದ ಬಣ್ಣ ತಪ್ಪಿದರೆ ಏನಾಗುತ್ತದೆಂದು ಬಲ್ಲೆ.

ಮೂರೂ ಕಂಪ್ಯೂಟರಿಗೆ ಒಂದೇ ಓಣಿಯ ವಿಳಾಸ, ಮನೆ ನಂಬರು ಬೇರೆ.
ಇದ್ದೀಯಾ ಎಂದು ಕೂಗಿದರೆ
ತಬಸ್ಸುಮಳ ಲ್ಯಾಪ್‌ಟಾಪು ಇದ್ದೀನಿ ಅಂದಿತು.
ಹುಲುಗೇಶ ತಾನೇ ಜೋಡಿಸಿ
ಪುಕ್ಕಟೆ ಲಿನಕ್ಸ್ ತುಂಬಿದ ಡಬ್ಬವೂ ಅಂದಿತು.
ವನ್ನೂರಪ್ಪನ ಮುದಿ ಕಂಪ್ಯೂಟರು ಮಾತ್ರ
ಗುಡ್ಡದ ಹಾಗೆ ಕೂತಿತ್ತು.

ಅದನ್ನು ಬದಲಿಸುವಂತಿಲ್ಲ.
ಎಂಬ್ರಾಯ್ಡರಿ ಮಷೀನಿಗೆ ಅದರ ಮಾತಷ್ಟೇ ತಿಳಿಯುವುದು,
ಅದಕ್ಕೆ ಹದಿನೆಂಟು ವರ್ಷದ ಹಿಂದಿನ ಮಾತಷ್ಟೇ ಬರುವುದು.

ಬಳ್ಳಾರಿಯಲ್ಲಿ ಇದೊಂದು ತೊಂದರೆಯೇ?
ಗುಂಡಿ ಅಂಗಡಿಯಲ್ಲಿ ಕನ್ನಡದಲ್ಲಿ ಶುರುಮಾಡಿ
ತೆಲುಗಿನಲ್ಲಿ ಚೌಕಾಸಿ ನಡೆಸಿ
ಉರ್ದುವಿನಲ್ಲಿ ಬೈದು ಬರುತ್ತೇವೆ;
ಚಿಲ್ಲರೆ ಸರಿಯಾಗಿಯೇ ಸಿಗುತ್ತದೆ.
ಹೊಸ ಯಂತ್ರಕ್ಕೆ ಆ ಬುದ್ಧಿಯಿಲ್ಲ, ಹಳೆಯ ಮಾತು ಅಪಾಯ ಎನ್ನುತ್ತದೆ.
ಸೆಟ್ಟಿಂಗಿನ ತಳಕ್ಕಿಳಿದು ಒಂದು ಚೌಕಕ್ಕೆ ಟಿಕ್ ಹಾಕಿದೆ:
ಅಪಾಯ ನನ್ನದು, ನೀನು ಮಾತಾಡಿಸು.
ಮುದುಕನಿಗೆ ಹೊರಗಿನ ಬಾಗಿಲು ಮುಚ್ಚಿದೆ,
ಇಂಟರ್‌ನೆಟ್ಟು ಅವನ ವಯಸ್ಸಿಗಲ್ಲ.

ಕರೆಂಟು ಹೋಯಿತು. ಬಂತು. ಮತ್ತೆ ಕೂಗಿದೆ.
ಹನ್ನೊಂದೂವರೆಗೆ
'ಏನಕ್ಕಾ, ಇಲ್ಲೇ ಅದೀನಲ್ಲ' ಎಂಬಂತೆ ತೆರೆದುಕೊಂಡಿತು.

ತೆರೆದದ್ದು ಗುಲಾಬಿಯಷ್ಟೇ ಅಲ್ಲ.
ತಪ್ಪಿ ಇಡೀ ಡಿ ಡ್ರೈವನ್ನೇ ಹಂಚಿಕೆಗೆ ಇಟ್ಟಿದ್ದೆ.
ಗಿರಾಕಿಯ ಹೆಸರಿಲ್ಲದ ಒಂದು ಫೋಲ್ಡರು,
ಕನ್ನಡದಲ್ಲಿ ಬರೆದ ಹೆಸರು ದಾರಿಯಲ್ಲಿ ಒಡೆದು
ಬರೀ ಖಾಲಿ ಚೌಕಗಳಾಗಿತ್ತು.
ಒಳಗೆ ಮುನ್ನೂರ ಹನ್ನೊಂದು ಡಿಸೈನು.
ಬಂಡೆಯ ಸಂದಿಯಿಂದ ಇಣುಕುವ ಉಡ.
ಕಾಲುವೆಗೆ ಬಗ್ಗಿದ ಮಿಂಚುಳ್ಳಿ.
ಸೂಜಿಗೆ ದಾರ ಪೋಣಿಸುತ್ತ ನಾಲಿಗೆ ಕಚ್ಚಿಕೊಂಡ ಹೆಂಗಸು,
ಅವಳ ಒಂದು ಕಿವಿಗೇ ಎಂಟುನೂರು ಹೊಲಿಗೆ.
ಸಮಯವೆಲ್ಲ ನಡುರಾತ್ರಿಯವು. ಯಾವುದೂ ಬಟ್ಟೆಗೆ ಇಳಿದಿರಲಿಲ್ಲ.
ವರ್ಷಗಟ್ಟಲೆ ಗುಲಾಬಿ, ಡ್ರ್ಯಾಗನ್ನು,
ಸ್ಪೆಲಿಂಗ್ ತಪ್ಪಿದ ಫಾರಿನ್ ಹೆಸರು ಹೊಡೆದುಕೊಟ್ಟ ವನ್ನೂರಪ್ಪ
ಇವನ್ನು ಯಾರಿಗೂ ತೋರಿಸಿದವನಲ್ಲ.

ಬೇರೆಯವರ ಟ್ರಂಕಿಗೆ ಕೈಹಾಕಿದವಳಂತೆ ಮುಚ್ಚಿದೆ.
ಯಾರು ನೋಡಬಹುದು, ಯಾರು ಬರೆಯಬಹುದು ಎಂದು
ಯಂತ್ರ ಮೊದಲೇ ಕೇಳಿತ್ತು;
ಅವಸರದಲ್ಲಿ 'ಎಲ್ಲರೂ' ಅಂದವಳು ನಾನು.
ಹಂಚಿಕೆ ತೆಗೆದು, ಆರ್ಡರಿನ ಫೋಲ್ಡರೊಂದನ್ನೇ ಕೊಟ್ಟೆ.

'ಮೆಟ್ಲು ಹತ್ತೋದು ತಪ್ತು ನೋಡ್ರಿ ಅಕ್ಕಾ' ಎಂದ ಬೆಳಿಗ್ಗೆ.
ಹೂಂ ಅಂದೆ.
ಸಂಜೆ ಇನ್ನೊಂದು ಖಾಲಿ ಫೋಲ್ಡರು ಮಾಡಿ,
ಅವನಿಗೂ ನನಗೂ ಮಾತ್ರ ಕಾಣುವಂತೆ ಇಟ್ಟು
ಒಳಜೇಬು ಎಂದು ಹೆಸರು ಬರೆದೆ
(ಒಡೆಯದಿರಲಿ ಎಂದು ಇಂಗ್ಲಿಷ್ ಅಕ್ಷರದಲ್ಲಿ).

ಸೋಮವಾರ ಖಾಲಿ. ಮಂಗಳವಾರ ಖಾಲಿ. ಆಮೇಲೆ ನೋಡುವುದನ್ನೇ ಬಿಟ್ಟೆ.
ಶನಿವಾರ ಬಟವಾಡೆ ಮುಗಿಸಿ ತೆರೆದರೆ
ನಾಲ್ಕು ಕೆಬಿಯ ಒಂದು ಫೈಲು.
ಮಿಂಚುಳ್ಳಿ ಇರಬಹುದು ಅಂದುಕೊಂಡಿದ್ದೆ.
ಉಡ.

ಸೊಲ್ಲಾಪುರದ ಲಾಟಿನಲ್ಲಿ ಬಲಜೇಬಿನ ಒಳಬಟ್ಟೆಗೆ
ಬಿಳಿ ಮೇಲೆ ಬಿಳಿ ದಾರದಲ್ಲಿ ಅದು ಕೂತಿದೆ.
ಕಣ್ಣಿಗೆ ಕಾಣದು. ಬೀಗದ ಕೈ ತಡಕಾಡುವಾಗ
ಯಾರದೋ ಬೆರಳಿಗೆ ಏನೋ ತೊಡರಬಹುದು.

'ದಾರದ ಖರ್ಚು ಏರೈತಿ, ಯಾಕೆ?' ಲೆಕ್ಕ ನೋಡುತ್ತ ಕೂಗಿದಳು ತಬಸ್ಸುಮ್.
ಕೆಳಗೆ ಮಷೀನು ನಿಂತಿತು.
ಬರ್ಕೋ, ಅಂದೆ.
ಮತ್ತೆ ಶುರುವಾಯಿತು.