ಎಷ್ಟು ಮಾರು

ಹಂಪನಕಟ್ಟೆಯಲ್ಲಿ, ಮಹಡಿ ಮೆಟ್ಟಿಲ ಕೆಳಗೆ
ನನ್ನದೊಂದು ಮೇಜು, ಕಂಪ್ಯೂಟರು, ಕೆಮ್ಮುವ ಪ್ರಿಂಟರು.
ಬಾಡಿಗೆ ಕರಾರು, ಅಫಿಡವಿಟ್ಟು, ಹೆಸರು ತಿದ್ದುಪಡಿ
ಪುಟಕ್ಕೆ ನಲವತ್ತು. ಭಾಷಾಂತರವಾದರೆ ನೂರು.
ಅಳುವವರಿಗೂ ಅದೇ ದರ.

ಅಳಿವೆಯಾಚೆಯ ಕೇಸಿನ ಕಾಗದ ಬಂದದ್ದೂ ಹಾಗೆ,
ವಕೀಲರ ಹುಡುಗ ತಂದು ಎಸೆದು ಹೋದ:
ಇಂಗ್ಲಿಷಿಗೆ ಮಾಡಿ, ವಿದೇಶಕ್ಕೆ ಹೋಗಲಿಕ್ಕುಂಟು.

ಜಪ್ತಿ ಮಹಜರು.
ಮೀನಿನ ಬುಟ್ಟಿ, ಖಾಲಿ, ಮೂವತ್ತೊಂದು.
ಕೊಡೆ ಎರಡು, ಒಂದರ ಕಡ್ಡಿ ಮುರಿದದ್ದು.
ಎಲೆ ಅಡಿಕೆಯ ಸಂಚಿ ಒಂದು, ಒಳಗೆ ಹನ್ನೆರಡು ರೂಪಾಯಿ.
ಮೀನು ಕೊಯ್ಯುವ ಕತ್ತಿ ಒಂದು. ಇದರಡಿಗೆ ಕೆಂಪು ಗೆರೆ.
ಆರೋಪ: ಧಕ್ಕೆಯಲ್ಲಿ ಅಕ್ರಮವಾಗಿ ಕೂತು
ಶಾಂತಿಗೆ ಧಕ್ಕೆ.

ಒಂದೇ ಪದ. ಇಂಗ್ಲಿಷಿನಲ್ಲಿ ಎರಡಾಗಿ ಸೀಳಬೇಕಾಯಿತು,
ದೋಣಿ ತಾಗುವ ಜಾಗ ಒಂದು ಕಡೆ,
ಪೆಟ್ಟು ಇನ್ನೊಂದು ಕಡೆ.
ನಮ್ಮಲ್ಲಿ ಎರಡೂ ಒಂದೇ ಕಡೆ ಇದ್ದವು.

ಬೆಳಗಿನ ನಾಲ್ಕೂವರೆಗೆ ಬಂದು
ಹೊಸ ಕಬ್ಬಿಣದ ಗೇಟಿನೆದುರು ಬುಟ್ಟಿ ಕವುಚಿ
ಅದರ ಮೇಲೆ ಕೂತರು. ಘೋಷಣೆ ಇರಲಿಲ್ಲ.
ಮೀನಿನ ಹೆಂಗಸರು ಬಾಯಿ ಮುಚ್ಚಿ ಕೂತದ್ದು
ಬಂದರಿನ ಕಾಗೆಗಳಿಗೇ ನಂಬಿಕೆ ಬರಲಿಲ್ಲ.
ಹತ್ತು ನಲವತ್ತಕ್ಕೆ ಮೈಕಿನಲ್ಲಿ ಎಚ್ಚರಿಸಲಾಯಿತು,
ಅನ್ನುತ್ತದೆ ವರದಿ.
ಐಸು ಪುಡಿ ಮಾಡುವ ಯಂತ್ರ ಓಡುತ್ತಿತ್ತು,
ಅನ್ನುತ್ತಾಳೆ ಖತೀಜಮ್ಮ.
ಹತ್ತು ನಲವತ್ತೊಂದರ ಬಗ್ಗೆ ಇಬ್ಬರೂ ಮಾತಾಡುವುದಿಲ್ಲ.
ಆಸ್ಪತ್ರೆಯ ಚೀಟಿ ಮಾತಾಡುತ್ತದೆ:
ಜಲಜಾ ಮೆಂಡನ್, ಐವತ್ತಾರು,
ಬಲ ಮುಂಗೈ, ಎರಡು ಕಡೆ.

ಏಳು ವಾರ ಕಳೆದು ಜಿನೀವಾದಿಂದ ಓಲೆ.
ಈಗ ಇಂಗ್ಲಿಷಿನಿಂದ ಕನ್ನಡಕ್ಕೆ.
ಕೇಳಲಿಕ್ಕೆ ಅವಳೇ ಬಂದಳು,
ಫೆರಿ ದಾಟಿ, ಪ್ಲಾಸ್ಟರಿನ ಕೈ ಎದೆಗೆ ಕಟ್ಟಿಕೊಂಡು.

ಓದಿದೆ: ಅರುವತ್ತು ದಿನಗಳೊಳಗೆ
ಸರಕಾರವು ಉತ್ತರಿಸಬೇಕಾಗಿ ವಿನಂತಿ.
ವಿನಂತಿಯಾ? ಅಂದಳು.
ವಿನಂತಿ, ಅಂದೆ.
ಓದಿದೆ: ಈ ಘಟನೆಯ ಕುರಿತು ನಮ್ಮ
ಆಳವಾದ ಕಳವಳವನ್ನು ವ್ಯಕ್ತಪಡಿಸುತ್ತೇವೆ.
ಆಳ ಅಂದರೆ?
ಏತ್ ಮಾರ್?

ಅವಳ ಅಪ್ಪ ಅಳಿವೆ ಬಾಗಿಲಲ್ಲಿ
ಕಲ್ಲು ಕಟ್ಟಿದ ಹಗ್ಗ ಇಳಿಸಿ, ಮೇಲೆಳೆದು,
ಎರಡೂ ಕೈ ಚಾಚಿ ಚಾಚಿ ಅಳೆಯುತ್ತಿದ್ದನಂತೆ.
ಮೂರು ಮಾರಾದರೆ ದೋಣಿ ಹೋಗುತ್ತದೆ,
ಒಂದಾದರೆ ತಳ ಮರಳಿಗೆ ಕೂರುತ್ತದೆ.
ಇವರ ಕಳವಳದಲ್ಲಿ ದೋಣಿ ಹೋಗುತ್ತದಾ ಇಲ್ವಾ,
ಅದೊಂದು ಹೇಳಿ ಮಾರಾಯ್ರೆ.

ನನಗೆ ಗೊತ್ತಿರಲಿಲ್ಲ. ಪುಟ ತಿರುಗಿಸಿದೆ.
ಅಲ್ಲಿ ಹೆಸರುಗಳಿದ್ದವು.
ಠಾಣೆಯವರು ‘ಜಲಜ ಹಾಗೂ ಇತರರು’ ಎಂದು ಮುಗಿಸಿದ್ದರು.
ಇವರು ಮೂವತ್ತೊಂದನ್ನೂ ಬರೆದಿದ್ದರು,
ನಾನು ಕಳಿಸಿದ ಕಾಗುಣಿತದಲ್ಲೇ, ನನ್ನದೊಂದು ತಪ್ಪಿನ ಸಮೇತ.
ಖತೀಜಮ್ಮನದು ಓದಿ, ಅಂದಳು. ಓದಿದೆ.
ಸೆವ್ರಿನ್ ಬಾಯಿಯದು ಉಂಟಾ? ಉಂಟು. ಓದಿದೆ.
ಎಲ್ಲವನ್ನೂ ಓದಿಸಿದಳು, ಶಾಲೆಯಲ್ಲಿ ಹಾಜರಿ ಕರೆದ ಹಾಗೆ,
ಒಂದೊಂದಕ್ಕೂ ತಾನೇ ಹ್ಞೂಂ ಅನ್ನುತ್ತ.

ಸರಕಾರದ ಉತ್ತರ ಆಮೇಲೆ ಬಂತು, ಅದೂ ನನ್ನ ಮೇಜಿಗೆ:
ಇದು ಆಂತರಿಕ ವಿಷಯ. ಸದರಿ ಮಹಿಳೆಯು
ತಾನಾಗಿಯೇ ಜಾರಿ ಬಿದ್ದಿರುತ್ತಾರೆ.
ಬುಟ್ಟಿಗಳ ಪ್ರಸ್ತಾಪ ಎಲ್ಲಿಯೂ ಇಲ್ಲ.

ಆ ಸಂಜೆ ಮಾತ್ರ ಅವಳು ಎದ್ದು ನಿಂತು
ಎಷ್ಟಿರಬಹುದೆಂದು ತೋರಿಸಲು ಹೋದಳು.
ಎಡಗೈ ಚಾಚಿತು, ಪ್ರಿಂಟರು ದಾಟಿ,
ಗೋಡೆಯ ಕ್ಯಾಲೆಂಡರು ಮುಟ್ಟುವವರೆಗೆ.
ಬಲಗೈ ಕೊರಳ ಬಟ್ಟೆಯೊಳಗೇ ಒಮ್ಮೆ ಅಲುಗಿತು.
ಅರ್ಧ ಮಾರು, ಅಂದಳು. ಸದ್ಯಕ್ಕೆ.

ಓಲೆಯ ಪ್ರತಿ ಮಡಚಿ ರವಿಕೆಗೆ ಸಿಕ್ಕಿಸಿ
ಕೊನೆಯ ಫೆರಿಗೆ ಹೊರಟಳು, ನೂರರ ನೋಟಿಟ್ಟು.
ಬೇಡ ಅನ್ನುವ ಮೊದಲೇ ಮೂಸಿ ನೋಡಿದೆ, ಹಳೆಯ ಅಭ್ಯಾಸ.
ಬಂದರಿನ ನೋಟು, ಆದರೂ
ಮೀನಿನ ವಾಸನೆ ಇರಲಿಲ್ಲ.